ಹತ್ತು ದಿನವೋ, ಹತ್ತನೇ ದಿನವೋ

ಅಕ್ಟೋಬರ್ 14, 2008, ಮಂಗಳವಾರ

ನನ್ನ ಯಜಮಾನರು ಕರೀಂ ಅವರ ನ್ಯೂಯಾರ್ಕಿನ ಪ್ರೋಗ್ರಾಮರ್ ಕೆಲಸ ಹೋಗಿ ಇವತ್ತಿಗೆ ಎಂಟು ದಿನ. ಆದರೂ ಬೆಳಿಗ್ಗೆ ಐದೂವರೆಗೇ ಎದ್ದು, ಷೇವ್ ಮಾಡಿ, ಇಸ್ತ್ರಿಯ ಷರ್ಟು ತೊಟ್ಟು, ಷೂ ಲೇಸು ಕಟ್ಟಿಕೊಂಡು ಸೋಫಾದ ಮೇಲೆ ಕೂರುತ್ತಾರೆ. ನ್ಯೂಯಾರ್ಕಿಗೆ ಹೋಗುವ ಟ್ರೈನಿನ ಸದ್ದು ನಮ್ಮ ಎಡಿಸನ್ ಅಪಾರ್ಟ್‌ಮೆಂಟಿಗೆ ಕೇಳಿಸುತ್ತದೆ. ಅದು ದಾಟಿ ಹೋದ ಮೇಲೆ ಟಿವಿ ಹಾಕುತ್ತಾರೆ. ಪರದೆಯ ಕೆಳಗೆ ಷೇರುಗಳ ಅಂಕಿ ಓಡುತ್ತಿರುತ್ತದೆ, ಅದನ್ನೇ ನೋಡುತ್ತಾರೆ.

ಯಾರ ಹತ್ತಿರವೂ ಆಡಲಾಗದ ಮಾತಿಗೆ ಈ ನೋಟ್‌ಬುಕ್ಕು. ಮನೆಯಲ್ಲಿ ನಮ್ಮದು ಉರ್ದು, ಆಫೀಸಿನಲ್ಲಿ ಇಂಗ್ಲಿಷು. ಬರೆಯಲು ಕೂತರೆ ಮಾತ್ರ ಕೈಗೆ ಬರುವುದು ಮೈಸೂರಿನ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯ ಕನ್ನಡ. ಕರೀಂ ಅವರಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಮಗಳು ಸಾರಾಗೆ ಒಂಬತ್ತು ವರ್ಷ. ಅವಳಿಗೆ ಇದು ಜಿಲೇಬಿಯ ಸಾಲು. ಹಾಗಾಗಿ ಬೀಗ ಬೇಕಿಲ್ಲ.

ಈಗ ಮನೆಗೆ ನನ್ನ ಸಂಬಳ ಒಂದೇ. ಮೂವರ ಇನ್ಷೂರೆನ್ಸೂ ನನ್ನ ಕೆಲಸದ್ದೇ. ಬದರಿ ಸರ್ ಕಂಪನಿ ಚಿಕ್ಕದು. ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ಬೇಸಿಗೆಯಲ್ಲಿ ಹದಿನೈದು ಜನ ಇದ್ದೆವು, ಈಗ ಏಳು. ಇವತ್ತು ನನ್ನನ್ನು ಕರೆದರು. ಆಯಿತು, ನನ್ನ ಸರದಿ ಬಂತು ಎಂದುಕೊಂಡೆ.

"ಕೂತ್ಕೋಮ್ಮ. ಬ್ರಾಂಕ್ಸ್ ಕ್ಲಿನಿಕ್‌ದು ಔಷಧಿ ಚೀಟಿ ಪ್ರೋಗ್ರಾಮ್ ಇದೆಯಲ್ಲ, ಔಷಧಿ ಹೇಗೆ ತಗೋಬೇಕು ಅಂತ ರೋಗಿಗೆ ಅಚ್ಚು ಹಾಕಿ ಕೊಡೋದು, ಐದು ಭಾಷೆ ಆಗಿದೆ. ಆರನೇದು ಫುಲಾ ಅಂತೆ, ಪಶ್ಚಿಮ ಆಫ್ರಿಕಾದ್ದು. ನೂರಾ ನಲವತ್ತು ಸಾಲು. ದುಭಾಷೀನ ಅವರೇ ಕೊಡ್ತಾರೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ, ಅಂದ್ರೆ ನವೆಂಬರ್ ಕೊನೆಗೆ, ಮುಗಿದ್ರೆ ಮುಂದಿನ ವರ್ಷದ ಕಾಂಟ್ರಾಕ್ಟ್ ಉಳಿಯುತ್ತೆ. ಇಲ್ಲಾಂದ್ರೆ ಎಲ್ಲರೂ ಮನೆಗೆ ಹೋಗೋದೇ."

ಮುಗಿಸುತ್ತೇನೆ. ತಲೆ ತಗ್ಗಿಸಿ ಕೆಲಸ ಮಾಡಬೇಕು, ಯಾರ ಕಣ್ಣಿಗೂ ಬೀಳಬಾರದು. ನನ್ನ ಕೆಲಸ ಉಳಿಯಬೇಕು. ಅಷ್ಟೇ.

ಅಕ್ಟೋಬರ್ 16, ಗುರುವಾರ

ಟ್ರೈನಿನಲ್ಲಿ ಬರೆಯುತ್ತಿದ್ದೇನೆ. ಬ್ರಾಂಕ್ಸ್‌ಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಹೋಯಿತು.

ದುಭಾಷಿಯ ಹೆಸರು ಪೆಂದಾ ಸೋ. ಐವತ್ತೈದು ದಾಟಿದ ಎತ್ತರದ ಹೆಂಗಸು. ಮಾರಿಟೇನಿಯಾದವಳು. ಅಲ್ಲಿನ ಸರ್ಕಾರ ಇವರ ಜನರನ್ನು ಓಡಿಸಿದಾಗ ನದಿ ದಾಟಿ ಸೆನೆಗಲ್ ಸೇರಿದಳಂತೆ. ಅಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಟೀಚರಾಗಿದ್ದಳು. ಇಲ್ಲಿ ಹೋಟೆಲೊಂದರಲ್ಲಿ ರೂಮು ಕ್ಲೀನ್ ಮಾಡುತ್ತಾಳೆ, ವಾರಕ್ಕೆರಡು ದಿನ ಕ್ಲಿನಿಕ್‌ಗೆ ಬರುತ್ತಾಳೆ. ಭಾಷೆಯ ಹೆಸರನ್ನು ಫುಲಾ ಎಂದದ್ದಕ್ಕೆ "ನಮ್ಮ ಕಡೆ ಪುಲಾರ್ ಅಂತೀವಿ" ಎಂದು ತಿದ್ದಿದಳು.

ಸಲಾಂ ಹೇಳಿದ ಮೇಲೆ ಕೆಲಸ ಶುರುವಾಗುತ್ತದೆ ಎಂದುಕೊಂಡರೆ, ಇಲ್ಲ. ಮನೆ ಹೇಗಿದೆ, ಮನೆಯವರು ಹೇಗಿದ್ದಾರೆ, ಮಗಳು ಹೇಗಿದ್ದಾಳೆ, ದಣಿವು ಹೇಗಿದೆ. ಒಂದೊಂದಕ್ಕೂ ಉತ್ತರ ಹೇಳಬೇಕು. ನಾನು ಗೋಡೆಯ ಗಡಿಯಾರ ನೋಡಿದೆ.

ಆಮೇಲೆ ಹಾಳೆ ಮುಂದಿಟ್ಟುಕೊಂಡು ಆ ಹೆಂಗಸು ಕೇಳಿದ್ದು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದೇನು? 'ದಿನ' ಅಂತ ಬರೆದು ಪಕ್ಕದಲ್ಲಿ ಗೀಟು ಎಳೆದಿದ್ದೀಯ."

"ಗೀಟಿನ ಜಾಗದಲ್ಲಿ ಕಂಪ್ಯೂಟರ್ ನಂಬರ್ ಹಾಕುತ್ತೆ. ಒಂದು, ಎರಡು, ಹತ್ತು, ಎಷ್ಟು ಬೇಕಾದರೂ."

"ಒಂದಾದರೆ ಞಂದೆ. ಎರಡಾದರೆ ಬಲ್ದೆ. ಯಾವುದನ್ನ ಬರೀಲಿ?"

"ಕೊನೆಗೆ ಏನೋ ಒಂದು ಸೇರಿಸಿದರೆ ಬಹುವಚನ ಆಗಲ್ವಾ?"

"ಆಗಲ್ಲ. ಗಂಡಸು ಅಂದರೆ ಗೋರ್ಕೊ. ಗಂಡಸರು ಅಂದರೆ ವೋರ್ಬೆ. ಏನು ಸೇರಿಸಿದೆ ಹೇಳು ನೋಡೋಣ? ತಲೆ, ಬಾಲ ಎರಡೂ ಬೇರೆ. ನಿನ್ನ ಮೆಷೀನಿಗೆ ಇದು ಗೊತ್ತಾ?"

ಮೆಷೀನಿಗೆ ಗೊತ್ತಿಲ್ಲ. ಈ ಪ್ರೋಗ್ರಾಮ್ ಬರೆದವರು ವಾಕ್ಯವನ್ನು ತುಂಡು ತುಂಡು ಮಾಡಿ ಇಟ್ಟಿದ್ದಾರೆ. ಒಂದು ಕಡೆ ಸಂಖ್ಯೆ, ಒಂದು ಕಡೆ ಪದ, ಒಂದಕ್ಕಿಂತ ಹೆಚ್ಚಾದರೆ ಕೊನೆಗೊಂದು ಎಸ್. ಇಂಗ್ಲಿಷಿಗೆ ಸಾಕು. ಪುಲಾರಿಗೆ ಪ್ರತಿ ಪದಕ್ಕೂ ಎರಡು ರೂಪ ಇಡಲು ಜಾಗವೇ ಇಲ್ಲ. ಸಂಖ್ಯೆಯೂ ಪದ ಆದ ಮೇಲೆ ಬರಬೇಕಂತೆ, ಮೊದಲಲ್ಲ.

ಪೆಂದಾ ಸೋ ಪ್ರತಿ ಸಾಲಿನ ಪಕ್ಕದಲ್ಲೂ ನೀಲಿ ಇಂಕಿನಲ್ಲಿ ಎರಡೆರಡು ಪದ ಬರೆದುಕೊಟ್ಟಳು. ಟೀಚರ ಅಕ್ಷರ, ದುಂಡಗಿದೆ.

ಅಕ್ಟೋಬರ್ 24, ಶುಕ್ರವಾರ

ಎಲ್ಲ ಸಾಲುಗಳನ್ನೂ ಬಿಚ್ಚಿ ಕಟ್ಟಲು ಮೂರು ವಾರ ಬೇಕೆಂದು ಕೇಳಿದೆ. ಬದರಿ ಸರ್ "ಮೂರು ದಿನ ಕೊಡ್ತೀನಿ" ಎಂದರು.

ಸಂಖ್ಯೆಯನ್ನು ಪದದ ನಂತರ ಹಾಕಿದೆ, ಅದು ಸುಲಭ. ಪದ ಮಾತ್ರ ಒಂದೇ ಇಟ್ಟೆ, ಏಕವಚನದ್ದು. ನಾವು ಹತ್ತು ದಿನ ಅನ್ನುತ್ತೇವೆ, ಹತ್ತು ದಿನಗಳು ಎಂದು ಯಾರು ಅನ್ನುತ್ತಾರೆ? ಮೂರು ಮಾತ್ರೆ. ನಾಲ್ಕು ಚಮಚ. ಕೇಳಿದವರಿಗೆ ಅರ್ಥವಾಗುತ್ತದೆ. ಅವರಿಗೂ ಆಗುತ್ತದೆ.

ಪೆಂದಾ ಅವರಿಗೆ ಫೋನ್ ಮಾಡಲಿಲ್ಲ. ಮಾಡಿದ್ದರೆ ಬೇಡ ಎನ್ನುತ್ತಿದ್ದರು.

ನವೆಂಬರ್ 5, ಬುಧವಾರ

ಟ್ರೈನ್ ತುಂಬ ನಿನ್ನೆಯ ಎಲೆಕ್ಷನ್ ಮಾತು, ಮೊದಲ ಕಪ್ಪು ಪ್ರೆಸಿಡೆಂಟ್ ಎಂದು. ಕೆಲವರ ಕಣ್ಣು ಒದ್ದೆಯಾಗಿತ್ತು. ಸೋಮವಾರದಿಂದ ಕ್ಲಿನಿಕ್‌ನಲ್ಲಿ ಪುಲಾರ್ ಚೀಟಿಯ ಟ್ರಯಲ್ ಶುರುವಾಗಿದೆ. ದೂರು ಬಂದಿಲ್ಲ. ಬದರಿ ಸರ್ ನನ್ನ ಮೇಜಿನ ಹತ್ತಿರ ಬಂದು "ವೆರಿ ಗುಡ್" ಎಂದು ಹೋದರು.

ನವೆಂಬರ್ 8, ಶನಿವಾರ

ಪೆಂದಾ ಅವರ ಫೋನು. ಸಲಾಂ ಇಲ್ಲ, ಮನೆ ಹೇಗಿದೆ ಎಂಬುದಿಲ್ಲ.

"ಚೀಟಿಯಲ್ಲಿ ಞಂದೆ ಹತ್ತು ಅಂತ ಯಾಕಿದೆ? ನಾನು ಬಲ್ದೆ ಬರೆದುಕೊಟ್ಟಿರಲಿಲ್ಲವಾ?"

ನಡೆದದ್ದು ಇದು. ಕುಂಬಾ ಎಂಬ ಹೆಂಗಸು ಸೋಮವಾರ ತನ್ನ ನಾಲ್ಕು ವರ್ಷದ ಮಗನನ್ನು ಕಿವಿನೋವೆಂದು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದಾಳೆ. ಹತ್ತು ದಿನ ಕುಡಿಸಬೇಕಾದ ಆ್ಯಂಟಿಬಯೋಟಿಕ್ ಬಾಟಲಿ ಕೊಟ್ಟು, ಜೊತೆಗೆ ನಮ್ಮ ಚೀಟಿ ಕೊಟ್ಟಿದ್ದಾರೆ. ಆ ದಿನ ಪೆಂದಾ ಅವರಿಗೆ ಹೋಟೆಲಿನಲ್ಲಿ ಶಿಫ್ಟು ಬದಲಾಗಿತ್ತು, ಅವರು ಕ್ಲಿನಿಕ್‌ನಲ್ಲಿರಲಿಲ್ಲ. ಕುಂಬಾಗೆ ಪುಲಾರ್ ಓದಲು ಬರುತ್ತದೆ. ಓದಿಕೊಂಡಿದ್ದಾಳೆ. ಪುಲಾರಿನಲ್ಲಿ ತಾರೀಖು ಹೇಳುವಾಗ ಞಂದೆ ಎಂದು ಆಮೇಲೆ ಸಂಖ್ಯೆ ಹೇಳುತ್ತಾರೆ. ಬಲ್ದೆ ಹತ್ತು ಎಂದರೆ ಹತ್ತು ದಿನ. ಞಂದೆ ಹತ್ತು ಎಂದರೆ ಹತ್ತನೇ ತಾರೀಖು.

ಅವಳು ಹತ್ತನೇ ತಾರೀಖಿಗೆ ಕಾಯುತ್ತಿದ್ದಳು. ಹಿಂದೊಮ್ಮೆ ದೊಡ್ಡ ಮಗನ ಕಿವಿನೋವಿಗೆ ಡಾಕ್ಟರು "ಕೆಲವು ದಿನ ನೋಡಿ ಆಮೇಲೆ ಔಷಧಿ" ಎಂದಿದ್ದರಂತೆ, ಇದೂ ಹಾಗೇ ಎಂದುಕೊಂಡಿದ್ದಾಳೆ. ಇವತ್ತು ಪೆಂದಾ ಅವರು ಅವಳ ಮನೆಗೆ ಹೋದಾಗ ಮಗುವಿನ ಮೈ ಸುಡುತ್ತಿತ್ತು, ಕಿವಿಯಿಂದ ಕೀವು ಇಳಿದು ದಿಂಬು ನೆನೆದಿತ್ತು. ಬಾಟಲಿ ಫ್ರಿಜ್‌ನಲ್ಲಿ, ಮುಚ್ಚಳ ಕೂಡ ತೆಗೆದಿಲ್ಲ. ಎಮರ್ಜೆನ್ಸಿಗೆ ಸೇರಿಸಿದ್ದಾರೆ. ಕಿವಿಯ ತಮಟೆ ಒಡೆದಿದೆಯಂತೆ.

"ಯಾಕೆ ಬದಲಾಯಿಸಿದೆ?" ಎಂದು ಮತ್ತೆ ಕೇಳಿದರು.



ನವೆಂಬರ್ 9, ಭಾನುವಾರ

ಜ್ವರ ಇಳಿದಿದೆಯಂತೆ. ಕಿವಿ ಕೇಳಿಸುವುದರ ಬಗ್ಗೆ ಈಗಲೇ ಹೇಳಲಾಗದು.

ನವೆಂಬರ್ 11, ಮಂಗಳವಾರ

ಕ್ಲಿನಿಕ್‌ನ ಮ್ಯಾನೇಜರ್ ನಾಳೆಯೊಳಗೆ ಲಿಖಿತ ವಿವರಣೆ ಕೇಳಿದ್ದಾರೆ. ಬದರಿ ಸರ್ ಒಂದು ಪುಟ ಟೈಪ್ ಮಾಡಿಸಿ ನನ್ನ ಮುಂದಿಟ್ಟರು.

"ಟ್ರಾನ್ಸ್‌ಲೇಷನ್ ಎರರ್ ಅಂತ ಬರೆದಿದ್ದೀನಿ. ಓದಿ, ಸೈನ್ ಮಾಡಿ ಕಳಿಸಿಬಿಡು."

"ಸರ್, ಟ್ರಾನ್ಸ್‌ಲೇಷನ್ ಸರಿಯಾಗೇ ಇತ್ತು. ಅವರು ಎರಡು ಪದಾನೂ ಬರೆದುಕೊಟ್ಟಿದ್ರು. ಒಂದನ್ನ ಬಿಟ್ಟಿದ್ದು ನಾನು."

ಅವರು ಎದ್ದು ಬಾಗಿಲು ಮುಚ್ಚಿದರು. "ಮೂರು ವಾರ ಕೊಡಲ್ಲ ಅಂದಿದ್ದು ನಾನು. ಅದನ್ನೂ ಬರೀತೀಯಾ?"

"ಇಲ್ಲ ಸರ್. ನಾನು ಮಾಡಿದ್ದನ್ನ ಬರೀತೀನಿ."

"ನೋಡಮ್ಮ, ಏಳು ಜನರ ಸಂಸಾರ ಇದರ ಮೇಲೆ ನಿಂತಿದೆ. ನಿನ್ನ ಯಜಮಾನರ ಕೆಲಸ ಬೇರೆ ಹೋಗಿದೆ. ನನ್ನದು ನಲವತ್ತು ವರ್ಷದ ಅನುಭವ, ಹೇಳ್ತೀನಿ ಕೇಳು. ಈ ಸಮಯದಲ್ಲಿ ಯಾರೂ ಎದೆ ಬಿಚ್ಚಿ ತೋರಿಸೋದಿಲ್ಲ. ಆ ಹೆಂಗಸಿಗೆ ಹೋಟೆಲ್ ಕೆಲಸ ಇದೆಯಲ್ಲ?"

"ಹೋಟೆಲಲ್ಲಿ ಅವರ ಕೆಲಸದ ದಿನಗಳನ್ನ ಅರ್ಧ ಮಾಡಿದ್ದಾರೆ ಸರ್."

"ನಾಳೆ ಬೆಳಿಗ್ಗೆವರೆಗೂ ಯೋಚನೆ ಮಾಡು" ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ, ಅದೇ ಕಷ್ಟ.

ಮನೆಗೆ ಬಂದು ಕರೀಂ ಅವರಿಗೆ ಹೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು.

"ಸತ್ಯ ಹೇಳೋ ಟೈಮಾ ಇದು, ಫಿರ್ದೌಸ್? ಕಾಗದ ಬರೆದವನು ಅವನು. ನೀನು ಸುಮ್ಮನೆ ಸೈನ್ ಮಾಡು."

"ನಾನು ಸೈನ್ ಮಾಡಿದರೆ ಆಪಾ ತಲೆಗೆ ಬರುತ್ತೆ."

"ಯಾವ ಆಪಾ?"

"ಪೆಂದಾ." ಅವರನ್ನು ಅಕ್ಕ ಎಂದದ್ದು ನನಗೂ ಆಗಲೇ ಗೊತ್ತಾದದ್ದು.

ಅವರು ಟಿವಿ ಆರಿಸಿ ಬಾಲ್ಕನಿಗೆ ಹೋಗಿ ನಿಂತರು.

ನವೆಂಬರ್ 12, ಬುಧವಾರ

ಆಫೀಸಿಗೆ ಹೋಗಲಿಲ್ಲ. ಎಡಿಸನ್‌ನಲ್ಲಿ ಏಳು ಹನ್ನೆರಡರ ಟ್ರೈನ್ ಹತ್ತಿ ನೇರ ಬ್ರಾಂಕ್ಸ್‌ಗೆ ಹೋದೆ. ಬ್ಯಾಗಿನಲ್ಲಿ ಪೆಂದಾ ಆಪಾ ನೀಲಿ ಇಂಕಿನಲ್ಲಿ ಬರೆದ ಹಾಳೆಗಳಿದ್ದವು.

ಮ್ಯಾನೇಜರ್ ಐರಿಷ್ ಮೂಲದ ಹಿರಿಯ ನರ್ಸು, ಕನ್ನಡಕದ ಮೇಲಿಂದ ನೋಡುತ್ತಾರೆ. ಹಾಳೆ ಅವರ ಮುಂದಿಟ್ಟೆ. "ಎರಡು ಪದ ಕೊಟ್ಟಿದ್ದರು. ನಾನು ಒಂದನ್ನೇ ಹಾಕಿದೆ. ಅವರನ್ನು ಕೇಳಲೂ ಇಲ್ಲ."

"ನೀವು ಇಲ್ಲಿಗೆ ಬಂದಿರೋದು ನಿಮ್ಮ ಕಂಪನಿಗೆ ಗೊತ್ತಾ?"

"ಇನ್ನು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತೆ."

ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಚೀಟಿಯ ಟ್ರಯಲ್ ಅಲ್ಲೇ ನಿಲ್ಲಿಸಿದರು. ಕಾಂಟ್ರಾಕ್ಟ್ ಮುರಿಯುತ್ತೀರಾ ಎಂದು ನಾನೇ ಕೇಳಿದೆ. ಕೇಳಿದ ಮೇಲೆ ಇನ್ನೊಂದು ಮಾತೂ ಹೇಳಿದೆ. ಹೊಸ ವರ್ಷದವರೆಗೆ ಸಮಯ ಕೊಡಿ, ಸಂಖ್ಯೆ ಇರುವ ಪ್ರತಿ ಸಾಲನ್ನೂ ತುಂಡಿಲ್ಲದ ಪೂರ್ತಿ ವಾಕ್ಯವಾಗಿ ಬರೆಯುತ್ತೇವೆ, ಒಂದಕ್ಕೆ ಒಂದು, ಹೆಚ್ಚಿಗೆ ಇನ್ನೊಂದು. ಪೆಂದಾ ಸೋ ಒಪ್ಪದ ಸಾಲು ಅಚ್ಚಾಗುವುದಿಲ್ಲ.

"ಬರೆದು ಕೊಡಿ" ಎಂದರು. ಅಲ್ಲೇ ಕೂತು ಬರೆದೆ, ಸೈನ್ ಮಾಡಿದೆ.

ಮಧ್ಯಾಹ್ನ ಆಫೀಸಿಗೆ ಹೋದಾಗ ಬದರಿ ಸರ್ ನಾಳೆಯಿಂದ ಬರಬೇಡ ಎನ್ನುತ್ತಾರೆಂದು ಕಾದೆ. ಅವರು ನಾನು ಬರೆದುಕೊಟ್ಟದ್ದರ ನಕಲು ಓದಿ, ತಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ನವೆಂಬರ್ 15, ಶನಿವಾರ

ಕುಂಬಾ ಮನೆಗೆ ಹೋಗಿದ್ದೆ. ಪೆಂದಾ ಆಪಾ ಕರೆದುಕೊಂಡು ಹೋದರು. ಐದನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಆಪಾ "ನೀನು ಮಾತಾಡು, ನಾನು ಹೇಳ್ತೀನಿ. ಆದರೆ ನಿನ್ನ ಪರವಾಗಿ ಒಂದು ಪದಾನೂ ಸೇರಿಸಲ್ಲ" ಎಂದರು.

ಕುಂಬಾಗೆ ಮೂವತ್ತು ಇರಬಹುದು. ಮಗ ದೆಂಬಾ ನೆಲದ ಮೇಲೆ ಪ್ಲಾಸ್ಟಿಕ್ ಕಾರು ಓಡಿಸುತ್ತಿದ್ದ. ಎಡಗಿವಿಯಲ್ಲಿ ಹತ್ತಿ. ನಾನು ಮಾಡಿದ್ದನ್ನು ಮೊದಲಿನಿಂದ ಹೇಳಿದೆ. ಆಪಾ ಪುಲಾರಿನಲ್ಲಿ ಹೇಳುತ್ತಾ ಹೋದರು. ಕುಂಬಾ ಎಲ್ಲ ಮುಗಿದ ಮೇಲೆ ಒಳಗೆ ಹೋಗಿ ಆ ಚೀಟಿ ತಂದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದಳು.

"ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ. ಈ ದೇಶ ನನ್ನ ಭಾಷೆಯಲ್ಲಿ ನನಗೆ ಕೊಟ್ಟ ಮೊದಲನೇ ಕಾಗದ ಇದು. ಇಂಗ್ಲಿಷಿನಲ್ಲಿ ಇದ್ದಿದ್ದರೆ ಯಾರನ್ನಾದರೂ ಕೇಳ್ತಿದ್ದೆ. ನನ್ನ ಭಾಷೆ ಅಂತ ಯಾರನ್ನೂ ಕೇಳಲಿಲ್ಲ."

ಕ್ಷಮಿಸು ಎಂದೆ.

"ಅವನ ಕಿವಿ ಏನಾಗುತ್ತೋ ನೋಡ್ತೀನಿ. ಅಲ್ಲಿವರೆಗೆ ನನ್ನ ಹತ್ತಿರ ಆ ಮಾತು ಕೇಳಬೇಡ."

ಆದರೂ ಊಟ ಬಡಿಸದೆ ಕಳಿಸಲಿಲ್ಲ. ಒಂದೇ ದೊಡ್ಡ ತಟ್ಟೆಯಲ್ಲಿ ಅನ್ನ, ಮೀನು. ಎಲ್ಲರೂ ಸುತ್ತ ಕೂತು ಉಂಡೆವು. ನನ್ನ ಕಡೆಗೆ ಮೀನಿನ ತುಂಡು ಸರಿಸಿದ್ದು ಅವಳೇ, ಮುಖ ಮಾತ್ರ ನೋಡಲಿಲ್ಲ.

ನವೆಂಬರ್ 22, ಶನಿವಾರ

ಊಟದ ಮೇಜಿನ ಮೇಲೆ ನೂರಾ ನಲವತ್ತು ಸಾಲುಗಳ ಪ್ರಿಂಟ್ ಹರಡಿದ್ದೆ. ಕರೀಂ ಟೀ ಹಿಡಿದು ಬಂದು ನಿಂತರು. ಆ ಬುಧವಾರದಿಂದ ನನ್ನೊಡನೆ ಲೆಕ್ಕದಷ್ಟೇ ಮಾತು. ಒಂದು ಹಾಳೆ ಎತ್ತಿಕೊಂಡು "ಇದನ್ನ ಬರೆದವರು ಯಾರು? ಇಷ್ಟು ಕೆಟ್ಟದಾಗಿ ವಾಕ್ಯ ಒಡೆದಿದ್ದಾರೆ" ಎಂದರು. ಪೆನ್ಸಿಲ್ ತೆಗೆದುಕೊಂಡರು. ಸಂಜೆಯವರೆಗೆ ಏಳಲಿಲ್ಲ.

ಸಂಖ್ಯೆ ಇರುವ ಸಾಲು ನಲವತ್ತಾರು. ಅಷ್ಟನ್ನು ಬೇರೆ ಮಾಡಿ ಕೊಟ್ಟರು. ಪ್ರೋಗ್ರಾಮಿಗೆ ಮೊದಲು ಸಂಖ್ಯೆ ನೋಡಿ ಆಮೇಲೆ ಪೂರ್ತಿ ವಾಕ್ಯ ಆರಿಸಿಕೊಳ್ಳುವುದನ್ನು ಹೇಗೆ ಕಲಿಸಬೇಕೆಂದು ನಾಲ್ಕು ಸಾಲಿನಲ್ಲಿ ಬರೆದು ತೋರಿಸಿದರು. ನನಗೆ ಹೊಳೆಯದ ದಾರಿ.

ಸಾರಾಗೆ ಕಥೆಯೆಲ್ಲ ಗೊತ್ತಾಗಿದೆ. "ಮಾಮ್, ವೈ ಡಿಡಂಟ್ ಯು ಜಸ್ಟ್ ಆಸ್ಕ್ ಹರ್ ವಾಟ್ ಶೀ ವುಡ್ ಡೂ?" ಎಂದು ಕೇಳಿದಳು. ಹೌದಲ್ಲ. ಚೀಟಿ ಓದಿಸಿ, ಬಾಟಲಿ ಕೈಗೆ ಕೊಟ್ಟು, ಈಗ ಏನು ಮಾಡುತ್ತೀರಿ ಎಂದು ಕೇಳಬಹುದಿತ್ತು. ನೂರಾ ನಲವತ್ತು ಸಾಲು ಬರೆದ ನನಗೂ, ಬದರಿ ಸರ್‌ಗೂ ಇದು ತೋಚಿರಲಿಲ್ಲ.

ಡಿಸೆಂಬರ್ 4, ಗುರುವಾರ

ಇವತ್ತು ಕ್ಲಿನಿಕ್‌ನ ಚಿಕ್ಕ ರೂಮಿನಲ್ಲಿ ನಾನೂ ಪೆಂದಾ ಆಪಾನೂ ಜೋರಾಗಿ ನಕ್ಕದ್ದಕ್ಕೆ ನರ್ಸೊಬ್ಬಳು ಬಾಗಿಲಿನಿಂದ ಇಣುಕಿ ಹೋದಳು.

ಅಂಕಿಗಳು ತಾರೀಖಿನ ಹಾಗೆ ಕಾಣುತ್ತವೆ, ಸಂಖ್ಯೆಯನ್ನು ಅಕ್ಷರದಲ್ಲೂ ಬರೆಯಬೇಕು ಎಂದು ಆಪಾ ಹಟ ಹಿಡಿದಿದ್ದರು. ಸರಿ ಎಂದು ಒಂದರಿಂದ ಮೂವತ್ತೊಂದರವರೆಗೆ ಪಟ್ಟಿ ಮಾಡಿಕೊಂಡೆ. ಎರಡು ದಿದಿ, ಮೂರು ತತಿ. ಆಮೇಲೆ ಚರ್ಮದ ಕಜ್ಜಿಯ ಮುಲಾಮಿನ ಸಾಲು ಬಂತು. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನ ಹಚ್ಚಿಕೊಳ್ಳಬೇಕು. ಪಟ್ಟಿಯಿಂದ ದಿದಿ ತೆಗೆದು ಹಾಕಿದೆ. ಆಪಾ ತಲೆ ಅಲ್ಲಾಡಿಸಿದರು.

"ದಿದಿ ಅಂದರೆ ಎರಡು ಬಾಟಲಿ. ಮನುಷ್ಯರಿಗೆ ದಿದೋ. ಮೂರು ಮನುಷ್ಯರು ತತೋ. ನಿನಗೆ ಇದು ಅರ್ಥ ಆಗಲ್ಲ, ಇಲ್ಲಿಯವರಿಗೆ ಯಾರಿಗೂ ಆಗಲ್ಲ."

"ಆಪಾ, ನಮ್ಮ ಕನ್ನಡದಲ್ಲೂ ಹಾಗೇ! ಬಾಟಲಿ ಎರಡು, ಮನುಷ್ಯರು ಇಬ್ಬರು. ಬಾಟಲಿ ಮೂರು, ಮನುಷ್ಯರು ಮೂವರು."

ಅವರು ನಂಬಲಿಲ್ಲ. ಹೇಳಿಸಿದರು. ಎರಡು, ಇಬ್ಬರು. ಮೂರು, ಮೂವರು. ನಾಲ್ಕು, ನಾಲ್ವರು. ಅವರು ದಿದಿ, ದಿದೋ, ತತಿ, ತತೋ ಎಂದು ಎದುರು ಹೇಳಿದರು. ಶಾಲೆಯಲ್ಲಿ ನಾನು "ಎರಡು ಅಕ್ಕಂದಿರು" ಎಂದು ಬರೆದಾಗ ಲಕ್ಷ್ಮಮ್ಮ ಮಿಸ್ "ನಿಮ್ಮ ಅಕ್ಕಂದಿರೇನು ಸೌಟುಗಳಾ?" ಎಂದು ಇಡೀ ಕ್ಲಾಸಿನ ಮುಂದೆ ಕೇಳಿದ್ದನ್ನು ಹೇಳಿದೆ. ನಕ್ಕದ್ದು ಅದಕ್ಕೆ. ಆಪಾ ಸೌಟು ಎಂದರೇನೆಂದು ಕೈಯಲ್ಲಿ ತೋರಿಸಲು ಹೇಳಿ, ಮತ್ತೆ ನಕ್ಕರು.

ಸೊನ್ನೆಗೂ ಜಗಳ ಆಯಿತು. ಇಂಗ್ಲಿಷ್ ಚೀಟಿಯಲ್ಲಿ ಮತ್ತೆ ಔಷಧಿ ಕೊಳ್ಳಲು ಅವಕಾಶವಿಲ್ಲದಿದ್ದರೆ ಸೊನ್ನೆ ಸಲ ಎಂದಿರುತ್ತದೆ. ಇದಕ್ಕೆ ಏಕವಚನವೋ ಬಹುವಚನವೋ ಎಂದು ಕೇಳಿದೆ. "ಇಲ್ಲದ್ದನ್ನ ಯಾಕೆ ಎಣಿಸ್ತೀಯ? ಅಲಾ ಅಂತ ಬರಿ" ಎಂದರು. ಅಲಾ ಎಂದರೆ ಇಲ್ಲ. ಸೊನ್ನೆಗೆಂದೇ ಮೂರನೇ ವಾಕ್ಯ ಇಟ್ಟೆವು. ಕರೀಂ ಬರೆದ ದಾರಿಯಲ್ಲಿ ಅದಕ್ಕೂ ಜಾಗ ಇದೆ.

ಬದರಿ ಸರ್ ಇವತ್ತು ಕೇಳಿದರು, "ಎಷ್ಟಾಯ್ತಮ್ಮ?" ಇಪ್ಪತ್ತೆರಡು ಎಂದೆ. "ಹೂಂ" ಎಂದರು. ಹೋಗಿ ಮತ್ತೆ ಬಂದು, "ಮಗು ಹೇಗಿದೆ?" ಎಂದರು.

ಡಿಸೆಂಬರ್ 13, ಶನಿವಾರ

ಕರೀಂ ಡ್ರೈವ್ ಮಾಡಿಕೊಂಡು ಬಂದರು. ಸಾರಾನೂ ಬಂದಳು. ಕ್ಲಿನಿಕ್‌ನ ವೇಯ್ಟಿಂಗ್ ರೂಮಿನಲ್ಲಿ ಖಾಲಿ ಬಾಟಲಿ, ಚಮಚ, ನೀರು ಇಟ್ಟುಕೊಂಡು ಕೂತೆವು. ಪೆಂದಾ ಆಪಾ ಮಸೀದಿಯಲ್ಲಿ ಹೇಳಿ ಹನ್ನೊಂದು ಜನರನ್ನು ಕರೆತಂದಿದ್ದರು. ಹನ್ನೊಂದನೆಯವಳು ಕುಂಬಾ.

"ನಿನಗೋಸ್ಕರ ಬಂದದ್ದಲ್ಲವಂತೆ. ಅವಳ ನಾದಿನಿಯ ಮಕ್ಕಳೂ ಇದೇ ಕ್ಲಿನಿಕ್‌ಗೆ ಬರ್ತಾರೆ" ಎಂದರು ಆಪಾ.

ಎಲ್ಲರಿಗಿಂತ ಕಟುವಾದ ಪರೀಕ್ಷೆ ಅವಳದೇ. ಒಂದೊಂದು ಚೀಟಿಯನ್ನೂ ಗಟ್ಟಿಯಾಗಿ ಓದಿ, ಬಾಟಲಿ ಎತ್ತಿ, ಮಾಡಿ ತೋರಿಸಿದಳು. ದಿನಕ್ಕೆ ಎರಡು ಸಲ ಎಂಬ ಚೀಟಿ ಓದಿ ಒಂದು ಚಮಚ ನೀರು ಸುರಿದಳು, ಬಾಟಲಿ ಕೆಳಗಿಟ್ಟಳು, ಮತ್ತೆ ತಕ್ಷಣ ಇನ್ನೊಂದು ಚಮಚ ಸುರಿದಳು. ಆಪಾ ಮುಖ ನೋಡಿದಳು. ಎರಡು ಸಲ ಆಯಿತಲ್ಲ ಎಂಬ ಹಾಗೆ. ಬೇಕೆಂದೇ ಮಾಡಿದಳೆಂದು ಆಮೇಲೆ ತಿಳಿಯಿತು. ಅವಳ ಓಣಿಯಲ್ಲಿ ಒಬ್ಬ ಮುದುಕ ನಿಜವಾಗಿ ಹಾಗೆ ಮಾಡಿದ್ದನಂತೆ.

"ಬೆಳಿಗ್ಗೆ, ಸಂಜೆ ಅಂತ ಬರೀಬೇಕು. ಸಲ ಬೇಡ" ಎಂದು ಕರೀಂ ಅಲ್ಲೇ ಬರೆದುಕೊಂಡರು.

ಇದು ಪುಲಾರಿನ ತಪ್ಪಲ್ಲ, ಇಂಗ್ಲಿಷ್ ಚೀಟಿಯಲ್ಲೂ ಹೀಗೇ ಇದೆ. ಉಳಿದ ಐದು ಭಾಷೆಯಲ್ಲೂ. ಸೋಮವಾರ ಮ್ಯಾನೇಜರ್‌ಗೆ ಹೇಳಬೇಕು. ಆ ಐದನ್ನೂ ಓದಿಸಿ ನೋಡದೆ ಬಿಡಬಾರದೆಂದು ನಾವು ತೀರ್ಮಾನ ಮಾಡಿದೆವು.

ನಲವತ್ತಾರರಲ್ಲಿ ನಲವತ್ತೆರಡು ಪಾಸು. ನಾಲ್ಕನ್ನು ತಿದ್ದಬೇಕು.

ಜನವರಿ 9, 2009, ಶುಕ್ರವಾರ

ಪುಲಾರ್ ಚೀಟಿ ಸೋಮವಾರದಿಂದ ಕೊಡುತ್ತಿದ್ದಾರೆ. ಮೊದಲ ವಾರ ಆಪಾ ಫಾರ್ಮಸಿಯ ಕಿಟಕಿಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಐವತ್ತಮೂರು ಚೀಟಿ, ಒಂದೂ ತಪ್ಪಿಲ್ಲ. ಕರೀಂ ಅವರಿಗೆ ಹಿಲ್ಸ್‌ಬರೋದಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿದೆ. ಇಂಟರ್‌ವ್ಯೂನಲ್ಲಿ ಈಚೆಗೆ ಏನು ಮಾಡಿದ್ದೀರಿ ಎಂದು ಕೇಳಿದಾಗ ಈ ನಲವತ್ತಾರು ಸಾಲಿನ ಕಥೆ ಹೇಳಿದರಂತೆ.

ಸ್ಪ್ಯಾನಿಷ್ ಚೀಟಿಯಲ್ಲಿ ಮೂರು ತಪ್ಪು ಸಿಕ್ಕಿವೆ. ಬದರಿ ಸರ್ ಹಣೆ ಒತ್ತಿಕೊಂಡರು. ತಿದ್ದಲೇಬೇಕು ಎಂದೆ. "ಬೇಡ ಅಂದ್ರೆ ನೀನು ಕೇಳ್ತೀಯಾ?" ಎಂದರು.

ಫೆಬ್ರುವರಿ 24, ಮಂಗಳವಾರ

ಬದರಿ ಸರ್ ಆಫೀಸು ಈ ಶುಕ್ರವಾರ ಮುಚ್ಚುತ್ತದೆ. ಕ್ಲಿನಿಕ್ ನಮ್ಮನ್ನು ಬಿಡಲಿಲ್ಲ. ಉಳಿದ ಇಬ್ಬರು ದೊಡ್ಡ ಗಿರಾಕಿಗಳು ದಿವಾಳಿಯಾದರು. ನನಗೆ ಬೆಳಿಗ್ಗೆಯೇ ಹೇಳಿದರು. ಆದರೆ ಹನ್ನೆರಡು ಗಂಟೆಗೆ ದೆಂಬಾನ ಕಿವಿಯ ಪರೀಕ್ಷೆ ಇತ್ತು, ಹಾಗಾಗಿ ಹೆಚ್ಚು ಹೊತ್ತು ಕೂರಲು ಆಗಲಿಲ್ಲ.

ಬರಬೇಕೆಂದು ಕುಂಬಾಳೇ ಆಪಾ ಕೈಲಿ ಹೇಳಿಕಳಿಸಿದ್ದಳು.

ಗಾಜಿನ ಆಚೆ ಸದ್ದಿಲ್ಲದ ಪುಟ್ಟ ಕೋಣೆ. ದೆಂಬಾನ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಕೈಗೆ ಮರದ ತುಂಡು ಕೊಟ್ಟು, ಎದುರಿಗೆ ಒಂದು ಬಕೆಟ್ ಇಟ್ಟಿದ್ದರು. ಸದ್ದು ಕೇಳಿಸಿದಾಗಲೆಲ್ಲ ಒಂದು ತುಂಡು ಬಕೆಟ್ಟಿಗೆ ಹಾಕಬೇಕು. ಬಲಗಿವಿಗೆ ಟಕಟಕನೆ ಹಾಕುತ್ತಾ ಹೋದ, ನಗುತ್ತಾ. ಆಮೇಲೆ ಎಡಗಿವಿ. ತುಂಡನ್ನು ಕೆನ್ನೆಗೆ ಒತ್ತಿಕೊಂಡು ಕಾದ. ಕಾದ. ಕುಂಬಾ ಗಾಜಿಗೆ ಹಣೆ ತಾಗಿಸಿ ನಿಂತಿದ್ದಳು. ಅವಳ ಪಕ್ಕದಲ್ಲಿ ನಿಲ್ಲುವ ಧೈರ್ಯವಾಗದೆ ಒಂದು ಹೆಜ್ಜೆ ಹಿಂದೆ ನಿಂತಿದ್ದೆ. ಅವನು ತುಂಡು ಹಾಕಿದ. ಮತ್ತೆ ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಬೇಗ ಬೇಗ ಮೂರು.

ಪರೀಕ್ಷೆ ಮಾಡಿದವರು ಕಾಗದ ತಂದರು, ಇಂಗ್ಲಿಷಿನಲ್ಲಿ. ಆಪಾ ಕೈ ಚಾಚಿದರು. ಕುಂಬಾ ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಆಪಾಗೆ ಏನೋ ಹೇಳಿದಳು.

"ನೀನೇ ಹೇಳಬೇಕಂತೆ."

ಓದಿದೆ. ತಮಟೆ ಕೂಡಿಕೊಂಡಿದೆ. ಎಡಗಿವಿಯಲ್ಲಿ ಸಣ್ಣ ಸದ್ದು ಇನ್ನೂ ಪೂರ್ತಿ ಕೇಳಿಸುತ್ತಿಲ್ಲ. ಬಹುಶಃ ಸರಿಹೋಗುತ್ತದೆ, ಖಂಡಿತ ಎಂದು ಅವರು ಬರೆದಿಲ್ಲ. ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಇಂಗ್ಲಿಷಿನಲ್ಲಿ ಅಷ್ಟನ್ನೂ, ಒಂದನ್ನೂ ಮುಚ್ಚಿಡದೆ, ಒಂದನ್ನೂ ಸಿಹಿ ಮಾಡದೆ ಹೇಳಿದೆ. ಆಪಾ ಅಷ್ಟನ್ನೇ ಪುಲಾರಿನಲ್ಲಿ ಹೇಳಿದರು. ಕೊನೆಯ ಮಾತು ಮಾತ್ರ ನನಗೆ ಗೊತ್ತಿತ್ತು. ಒಂದು ತಿಂಗಳಾದರೆ ಲೆವ್ರು, ಹೆಚ್ಚಾದರೆ ಲೆಬ್ಬಿ. ಆಪಾ ಅದನ್ನು ಹೇಳುವ ಮೊದಲೇ "ಲೆಬ್ಬಿ ಜೆಗೋಮ್", ಆರು ತಿಂಗಳು, ಎಂದೆ.

"ಜೇಗೋಮ್" ಎಂದು ಕುಂಬಾ ತಿದ್ದಿದಳು.

"ಲೆಬ್ಬಿ ಜೇಗೋಮ್" ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಒಂದು ಸಣ್ಣ ವಾಕ್ಯ ಹೇಳಿ, ದೆಂಬಾನ ಜಾಕೆಟ್ಟಿನ ಜಿಪ್ ಎಳೆದು, ಅವನ ಕೈ ಹಿಡಿದು ಲಿಫ್ಟಿನ ಕಡೆ ಹೊರಟಳು.

"ಏನಂದಳು ಆಪಾ?"

"ಆರು ತಿಂಗಳಾದ ಮೇಲೆ ನಾವು ಬರಬೇಕು ಅಂದಳು."

"ಅವಳು ಮತ್ತೆ ನೀವಾ?"

ಆಪಾ ಕೋಟು ಹಾಕಿಕೊಳ್ಳುತ್ತಾ ಹೇಳಿದರು: "ನಿಮ್ಮ ಭಾಷೆಯಲ್ಲಿ ಹೇಗೋ ಗೊತ್ತಿಲ್ಲ. ನಮ್ಮಲ್ಲಿ 'ನಾವು' ಅನ್ನೋದು ಎರಡಿದೆ. ಎದುರಿಗೆ ಇರೋರನ್ನ ಬಿಟ್ಟು ಹೇಳೋದು ಒಂದು, ಸೇರಿಸಿ ಹೇಳೋದು ಇನ್ನೊಂದು. ಅವಳು ನಿನ್ನನ್ನ ನೋಡಿಕೊಂಡು ಹೇಳಿದ್ದು ಸೇರಿಸೋದನ್ನ."

ಲಿಫ್ಟಿನ ಬಾಗಿಲನ್ನು ಕುಂಬಾ ಕೈಯಿಂದ ತಡೆದು ಹಿಡಿದಿದ್ದಳು. ಇಬ್ಬರೂ ಓಡಿದೆವು.